ಟೆಲಿಮೆಡಿಸಿನ್ ಯೋಜನೆಯ ಮೌಲ್ಯಮಾಪನ: ಕಾಸರಗೋಡಿನ ಆಸ್ಪತ್ರೆಗಳಿಂದ ಪದೇ ಪದೇ ಕೇಳುವ ಪ್ರಶ್ನೆಗಳು

ಕುಟುಂಬಾರೋಗ್ಯ ಕೇಂದ್ರ, ಪಂಚಾಯತಿನ ಪಾಲಿಯೇಟಿವ್ (ಉಪಶಮನ ಆರೈಕೆ) ಘಟಕ, ಪೇಟೆಯ ಸಣ್ಣ ಖಾಸಗಿ ಆಸ್ಪತ್ರೆ. ನೀವು ಇದರಲ್ಲಿ ಎಲ್ಲೇ ಇರಿ, ಫೋನು ಅಥವಾ ವಿಡಿಯೋ ಮೂಲಕ ರೋಗಿಗಳನ್ನು ನೋಡುತ್ತಿದ್ದರೆ ಈ ಪುಟ ನಿಮಗಾಗಿ. ಮಂಜೇಶ್ವರ, ಕುಂಬಳೆ, ಬದಿಯಡ್ಕ, ಮುಳ್ಳೇರಿಯ ಕಡೆಯ ಡಾಕ್ಟರು, ನರ್ಸು, ಆಶಾ ಕಾರ್ಯಕರ್ತೆಯರು, ಆಸ್ಪತ್ರೆ ಸಮಿತಿಯವರು ಕೇಳುವ ಪ್ರಶ್ನೆಗಳಿವು.

ಕಾಲ್‌ಗಳು ನಡೆಯುತ್ತಿವೆ, ರೋಗಿಗಳೂ ಬರುತ್ತಿದ್ದಾರೆ. ಮತ್ತೆ ಮೌಲ್ಯಮಾಪನ ಯಾಕೆ?

ನಡೆಯುತ್ತಿದೆ ಅನ್ನುವುದು ಒಂದು, ಉಪಯೋಗ ಆಗುತ್ತಿದೆ ಅನ್ನುವುದು ಇನ್ನೊಂದು. ನಮ್ಮ ದೇಶಕ್ಕೆ ಟೆಲಿಮೆಡಿಸಿನ್ ಹೊಸದೇನಲ್ಲ. ಆಂಧ್ರದ ಅರಗೊಂಡದಲ್ಲಿ 2000ದಲ್ಲೇ ಶುರುವಾಗಿತ್ತು. 2001ರಿಂದ ಇಸ್ರೋ ಉಪಗ್ರಹದ ಮೂಲಕ ಆಸ್ಪತ್ರೆಗಳನ್ನು ಜೋಡಿಸುತ್ತಾ ಬಂತು. ಆಮೇಲೆ ಎಷ್ಟೋ ಯೋಜನೆಗಳು ಪ್ರಾಯೋಗಿಕ ಹಂತದಲ್ಲೇ ನಿಂತವು. ಹಣ ಕೊಟ್ಟವರ ಕೈಗೆ ವರದಿ ಹೋಗುತ್ತದೆ, ಕೆಲಸ ಮಾಡಿದವರ ಕೈಗೆ ಏನೂ ವಾಪಸ್ ಬರುವುದಿಲ್ಲ. ಮುಂದಿನ ಯೋಜನೆಯವರು ಅದೇ ತೊಂದರೆಗಳನ್ನು ಹೊಸದಾಗಿ ಅನುಭವಿಸುತ್ತಾರೆ.

ಮೌಲ್ಯಮಾಪನದ ಮೊದಲ ಕೆಲಸ ನಿಮ್ಮ ಆಸ್ಪತ್ರೆ ಕಲಿಯುವಂತೆ ಮಾಡುವುದು. ಒಂದು ಪ್ರಶ್ನೆ ಬೇಕೋ ಬೇಡವೋ ಎಂದು ತಿಳಿಯಲು ನಾನು ಬಳಸುವ ಪರೀಕ್ಷೆ ಇದು: ಇದಕ್ಕೆ ಉತ್ತರ ಸಿಕ್ಕರೆ ಬರುವ ಸೋಮವಾರ ನಾವು ಏನನ್ನು ಬೇರೆ ರೀತಿ ಮಾಡುತ್ತೇವೆ? ಏನೂ ಇಲ್ಲ ಅನ್ನುವುದಾದರೆ ಆ ಪ್ರಶ್ನೆಯನ್ನು ಕೈಬಿಡಿ. ಈಗಲೇ ಬರೆಯುವ ರಿಜಿಸ್ಟರ್‌ಗಳೇ ಜಾಸ್ತಿ, ಅಲ್ವಾ?

ಎಷ್ಟು ಕಾಲ್ ಆಯಿತು ಎಂಬ ಲೆಕ್ಕ ಪೋರ್ಟಲ್‌ನಲ್ಲೇ ಸಿಗುತ್ತದೆ. ಅದು ಸಾಲದಾ?

ಸಾಲದು. ಕೇಂದ್ರ ಸರ್ಕಾರದ ಟೆಲಿಮೆಡಿಸಿನ್ ಸೇವೆಯಾದ ಇ-ಸಂಜೀವನಿಯಲ್ಲಿ 2023ರ ಫೆಬ್ರವರಿ ಹೊತ್ತಿಗೆ 10 ಕೋಟಿ ಸಮಾಲೋಚನೆಗಳು ದಾಟಿದವು. ಅದು ದೊಡ್ಡ ಸಾಧನೆಯೇ. ಆದರೆ ಬರೆದುಕೊಟ್ಟ ಮಾತ್ರೆ ರೋಗಿಯ ಕೈಗೆ ಸಿಕ್ಕಿತಾ, ಹೇಳಿದ ರಕ್ತಪರೀಕ್ಷೆ ಆಯಿತಾ, ಮೇಲಿನ ಆಸ್ಪತ್ರೆಗೆ ಹೋಗಿ ಎಂದವರು ನಿಜಕ್ಕೂ ಹೋದರಾ ಎಂಬುದು ಆ ಸಂಖ್ಯೆಯಿಂದ ಗೊತ್ತಾಗುವುದಿಲ್ಲ.

ಒಂದು ಉಪಕೇಂದ್ರದಲ್ಲಿ ನೋಡಿದ್ದನ್ನು ಹೇಳುತ್ತೇನೆ. ಶುಗರ್ ಇರುವ ಅಜ್ಜಿ, ಪಾದದ ಅಡಿಯಲ್ಲಿ ಹುಣ್ಣು. ಒಳಗೆ ಟ್ಯೂಬ್‌ಲೈಟಿನ ಕೆಳಗೆ ಟ್ಯಾಬ್ ಹಿಡಿದರೆ ಗಾಯವೆಲ್ಲ ಬೆಳ್ಳಗೆ ಕಾಣುತ್ತಿತ್ತು. ನರ್ಸ್ ಅಜ್ಜಿಯ ಸ್ಟೂಲನ್ನೇ ಜಗಲಿಗೆ ಎಳೆದರು. ಪಾದದ ಪಕ್ಕ ಒಂದು ಸ್ಕೇಲ್ ಇಟ್ಟರು, ಗಾಯದ ಅಳತೆ ಡಾಕ್ಟರಿಗೆ ಗೊತ್ತಾಗಲಿ ಎಂದು. ಆ ಕಡೆಯಿಂದ ಡಾಕ್ಟರ್ ಏನೂ ಕೇಳುವ ಮೊದಲೇ "ವಾಸನೆ ಇಲ್ಲ, ಪಾದದ ಮೇಲೆ ನಾಡಿ ಸಿಗ್ತದೆ, ಸುತ್ತ ಬಿಸಿ ಇಲ್ಲ" ಎಂದರು. ಕ್ಯಾಮೆರಾದಲ್ಲಿ ತಿಳಿಯದ ಮೂರು ವಿಷಯಗಳನ್ನೇ ಅವರು ಆರಿಸಿ ಹೇಳಿದ್ದರು. ಪೋರ್ಟಲ್‌ನಲ್ಲಿ ದಾಖಲಾಗಿದ್ದು ಕಾಲ್ ಮುಗಿಯಿತು ಎಂದಷ್ಟೇ.

ಆ ನರ್ಸಿಗೆ ಗೊತ್ತಿರುವುದು ಪಕ್ಕದ ಉಪಕೇಂದ್ರದ ನರ್ಸಿಗೂ ಗೊತ್ತಾಗಬೇಕು. ಸಂಸ್ಥೆ ಕಲಿಯುವುದು ಅಂದರೆ ಇದೇ. ಹಾಗಾಗಿ ರಿಜಿಸ್ಟರಿಗೆ ಒಂದೇ ಒಂದು ಕಾಲಂ ಸೇರಿಸಿ: "ಇವತ್ತು ಏನು ಅಡ್ಡಿ ಬಂತು, ಏನು ಮಾಡಿದ್ದರಿಂದ ಸರಿಹೋಯಿತು". ಎರಡು ಸಾಲು ಸಾಕು.

ಮೌಲ್ಯಮಾಪನ ಯಾವಾಗ ಶುರು ಮಾಡಬೇಕು?

ಯೋಜನೆ ಶುರುವಾಗುವ ಮೊದಲು. ವಿಡಿಯೋ ಬರುವ ಮುಂಚೆ ರೋಗಿಗಳು ಎಲ್ಲಿಗೆ ಹೋಗುತ್ತಿದ್ದರು, ತಜ್ಞರನ್ನು ಕಾಣಲು ಎಷ್ಟು ದಿನ ಕಾಯುತ್ತಿದ್ದರು, ಎಷ್ಟು ಜನ ಅರ್ಧಕ್ಕೆ ಔಷಧಿ ಬಿಡುತ್ತಿದ್ದರು ಎಂದು ಬರೆದಿಡದಿದ್ದರೆ ಆಮೇಲೆ ಹೋಲಿಸಲು ಏನೂ ಇರುವುದಿಲ್ಲ. ಈಗಾಗಲೇ ಶುರುವಾಗಿದ್ದರೂ ಪರವಾಗಿಲ್ಲ. ಹಳೆಯ ಒಪಿ (ಹೊರರೋಗಿ) ರಿಜಿಸ್ಟರ್, ಬಿಪಿ-ಶುಗರ್ ಕ್ಲಿನಿಕ್ಕಿನ ಪುಸ್ತಕ, ರೆಫರಲ್ ಚೀಟಿಗಳ ಪ್ರತಿ ತೆಗೆದು ನೋಡಿ. ನಿರೀಕ್ಷೆಗಿಂತ ಜಾಸ್ತಿ ಮಾಹಿತಿ ಸಿಗುತ್ತದೆ.

ಇಲ್ಲಿ ಮಳೆಗಾಲ ಮತ್ತು ಬೇಸಗೆಯ ನಡುವೆ ತುಂಬಾ ವ್ಯತ್ಯಾಸ ಇದೆ ಎಂಬುದನ್ನು ಮರೆಯಬೇಡಿ. ಜೂನ್-ಜುಲೈಯಲ್ಲಿ ಜ್ವರದ ರೋಗಿಗಳು ಜಾಸ್ತಿ. ಇಲಿ ಜ್ವರ, ಡೆಂಗ್ಯೂ ಎರಡೂ ಇರುತ್ತವೆ. ಕರೆಂಟು ಹೋಗುತ್ತಾ ಬರುತ್ತಾ ಇರುತ್ತದೆ. ಫೆಬ್ರವರಿಯ ಅಂಕಿಯನ್ನು ಜುಲೈಯ ಅಂಕಿಯ ಪಕ್ಕ ಇಟ್ಟು ತೀರ್ಮಾನಕ್ಕೆ ಬರಬೇಡಿ. ಜುಲೈಯನ್ನು ಹಿಂದಿನ ವರ್ಷದ ಜುಲೈ ಜೊತೆ ಹೋಲಿಸಿ.

ಯಾವ ಮಾದರಿ ಅನುಸರಿಸಬೇಕು? ಹೆಸರುಗಳು ತುಂಬಾ ಇವೆ.

ಹೆಸರುಗಳಿಗೆ ಹೆದರಬೇಡಿ. ಎರಡು ಗೊತ್ತಿದ್ದರೆ ಸಾಕು.

ಮೊದಲನೆಯದು ಯೂರೋಪಿನಲ್ಲಿ ರೂಪಿಸಿದ ಮಾಸ್ಟ್ (MAST). ಇದು ಏಳು ಕಡೆಯಿಂದ ನೋಡಲು ಹೇಳುತ್ತದೆ: ಕಾಯಿಲೆ ಮತ್ತು ಸಾಧನ, ಸುರಕ್ಷತೆ, ಚಿಕಿತ್ಸೆಯ ಫಲ, ರೋಗಿಯ ಅನುಭವ, ಖರ್ಚು, ಸಂಸ್ಥೆಯ ಒಳಗಿನ ಬದಲಾವಣೆ, ಮತ್ತೆ ಸಮಾಜ-ನೀತಿ-ಕಾನೂನಿನ ವಿಷಯಗಳು. ಏನಾದರೂ ಬಿಟ್ಟುಹೋಗಿದೆಯಾ ಎಂದು ನೋಡಿಕೊಳ್ಳಲು ಇದು ಒಳ್ಳೆಯದು.

ಎರಡನೆಯದು ನ್ಯಾಸ್ (NASSS). ಬ್ರಿಟನ್ನಿನ ಟ್ರಿಶಾ ಗ್ರೀನ್‌ಹಾಲ್ ಮತ್ತು ಜೊತೆಗಾರರು 2017ರಲ್ಲಿ ಪ್ರಕಟಿಸಿದ್ದು. ಆರೋಗ್ಯದ ತಂತ್ರಜ್ಞಾನವನ್ನು ಜನ ಯಾಕೆ ಒಪ್ಪುವುದಿಲ್ಲ, ಶುರು ಮಾಡಿದವರು ಯಾಕೆ ಬಿಡುತ್ತಾರೆ, ಒಂದು ಕಡೆ ಗೆದ್ದದ್ದು ಇನ್ನೊಂದು ಕಡೆ ಯಾಕೆ ಹಬ್ಬುವುದಿಲ್ಲ ಎಂದು ಇದು ವಿಚಾರಿಸುತ್ತದೆ. ಕಾಯಿಲೆ, ಸಾಧನ, ಬಳಸುವ ಜನ, ಸಂಸ್ಥೆ, ಹೊರಗಿನ ವ್ಯವಸ್ಥೆ ಇವೆಲ್ಲ ಎಷ್ಟೆಷ್ಟು ಜಟಿಲವಾಗುತ್ತವೆಯೋ ಯೋಜನೆ ಉಳಿದು ಮುಂದುವರಿಯುವುದು ಅಷ್ಟಷ್ಟು ಕಷ್ಟ. ನನಗೆ ನಮ್ಮ ಜಿಲ್ಲೆಗೆ ಜಾಸ್ತಿ ಹೊಂದುವುದು ಇದೇ ಅನ್ನಿಸುತ್ತದೆ. ಇಲ್ಲಿ ಸಾಧನ ಸುಲಭ. ಸುತ್ತಲಿನದ್ದು ಸುಲಭವಿಲ್ಲ: ಎರಡು ರಾಜ್ಯಗಳ ಆಸ್ಪತ್ರೆಗಳು, ಏಳೆಂಟು ಭಾಷೆಗಳು, ಪದೇ ಪದೇ ವರ್ಗವಾಗುವ ಸಿಬ್ಬಂದಿ.

ದೊಡ್ಡ ವೈಜ್ಞಾನಿಕ ಪ್ರಯೋಗ ಮಾಡದೆ ನಮ್ಮ ಫಲಿತಾಂಶಕ್ಕೆ ಬೆಲೆ ಇದೆಯಾ?

ಖಂಡಿತ ಇದೆ. ದೊಡ್ಡ ಪ್ರಯೋಗಗಳೂ ಕೊನೆಗೆ ಎಷ್ಟು ಹೇಳುತ್ತವೆ ಎಂಬುದಕ್ಕೆ ಇಂಗ್ಲೆಂಡಿನ ಉದಾಹರಣೆ ನೋಡಿ. ಅಲ್ಲಿ ಮೂರು ಪ್ರದೇಶಗಳಲ್ಲಿ, 179 ಕ್ಲಿನಿಕ್‌ಗಳ 3,230 ರೋಗಿಗಳ ಮೇಲೆ ಟೆಲಿಹೆಲ್ತ್ (ದೂರದಿಂದಲೇ ಆರೋಗ್ಯ ಗಮನಿಸುವ) ಪ್ರಯೋಗ ನಡೆಯಿತು. ಎಲ್ಲರೂ ಮಧುಮೇಹ, ಶ್ವಾಸಕೋಶದ ಕಾಯಿಲೆ ಅಥವಾ ಹೃದಯ ವೈಫಲ್ಯ ಇದ್ದವರು. 2012ರಲ್ಲಿ ಫಲಿತಾಂಶ ಬಂತು. ಒಂದು ವರ್ಷದಲ್ಲಿ ಟೆಲಿಹೆಲ್ತ್ ಇದ್ದವರಲ್ಲಿ ಶೇ. 4.6 ಮಂದಿ ತೀರಿಕೊಂಡಿದ್ದರೆ, ಇಲ್ಲದವರಲ್ಲಿ ಶೇ. 8.3. ಎಲ್ಲರೂ ಸಂತೋಷಪಟ್ಟರು. ಆಮೇಲೆ ಖರ್ಚಿನ ಲೆಕ್ಕ ಬಂದಾಗ, ಒಂದು ಆರೋಗ್ಯಕರ ವರ್ಷ ಗಳಿಸಲು ಸುಮಾರು 92,000 ಪೌಂಡ್ ಬೇಕು ಎಂದಾಯಿತು. ಬದುಕಿನ ಗುಣಮಟ್ಟದಲ್ಲಿ ಹೇಳುವಂಥ ವ್ಯತ್ಯಾಸ ಕಾಣಲಿಲ್ಲ.

ಅಂದರೆ ಒಂದೇ ಯೋಜನೆಗೆ ಯಾವ ಪ್ರಶ್ನೆ ಕೇಳುತ್ತೀರಿ ಎಂಬುದರ ಮೇಲೆ ಉತ್ತರ ಬದಲಾಯಿತು. ಅಷ್ಟು ದೊಡ್ಡ ಪ್ರಯೋಗವೂ ಬದಿಯಡ್ಕದ ಒಪಿಯಲ್ಲಿ ಮಂಗಳವಾರ ಯಾಕೆ ಯಾರೂ ವಿಡಿಯೋಗೆ ಬರುವುದಿಲ್ಲ ಎಂದು ಹೇಳಲಾರದು. ಅದನ್ನು ನೀವೇ ಕಂಡುಕೊಳ್ಳಬೇಕು. ಒಂದು ಸಣ್ಣ ಬದಲಾವಣೆ ಮಾಡಿ, ಕೆಲವು ವಾರ ನೋಡಿ, ಉಳಿಸಬೇಕಾ ಬಿಡಬೇಕಾ ಎಂದು ಕೂತು ತೀರ್ಮಾನಿಸಿ, ಮತ್ತೆ ಇನ್ನೊಂದು ಬದಲಾವಣೆ ಮಾಡಿ.

ರೋಗಿಗಳಿಗೆ ತೃಪ್ತಿ ಇದೆಯಾ ಎಂದು ಕೇಳಿದರೆ ಎಲ್ಲರೂ "ಒಳ್ಳೆದಾಯ್ತು" ಅನ್ನುತ್ತಾರೆ. ಏನು ಮಾಡುವುದು?

ಕೇಳುವವರು ನರ್ಸು, ಕೇಳುವ ಜಾಗ ಆಸ್ಪತ್ರೆ. ಬೇರೆ ಏನು ಹೇಳಿಯಾರು? ಒಂದು ವಾರ ಬಿಟ್ಟು, ಆ ಕಾಲ್‌ನಲ್ಲಿ ಇಲ್ಲದ ಒಬ್ಬರು ಮನೆಯಲ್ಲಿ ಕೇಳಲಿ. ತೃಪ್ತಿಯ ಪ್ರಶ್ನೆ ಬೇಡ. ನಡೆದದ್ದನ್ನು ಕೇಳಿ: ಡಾಕ್ಟರು ಏನು ಕಾಯಿಲೆ ಅಂದರು? ಯಾವ ಮಾತ್ರೆ, ಎಷ್ಟು ಹೊತ್ತಿಗೆ? ಆಮೇಲೆ ಬೇರೆ ಡಾಕ್ಟರ ಹತ್ತಿರ ಹೋದಿರಾ? ಮುಂದಿನ ಸಲ ವಿಡಿಯೋದಲ್ಲೇ ನೋಡಬೇಕಾ, ನೇರ ಹೋಗಬೇಕಾ? ಕೊನೆಯ ಪ್ರಶ್ನೆಗೆ ಬರುವ ಉತ್ತರ ತುಂಬಾ ನಂಬುವಂಥದ್ದು.

ಭಾಷೆಯ ವಿಷಯವನ್ನು ಮೌಲ್ಯಮಾಪನದಲ್ಲಿ ಸೇರಿಸಬೇಕಾ?

ಇಲ್ಲಿ ಅದನ್ನು ಬಿಟ್ಟು ಮಾಡಿದ ಮೌಲ್ಯಮಾಪನ ಅರ್ಧ ಮಾತ್ರ. ಎಣ್ಮಕಜೆ, ಪೈವಳಿಕೆ, ವರ್ಕಾಡಿ, ಬೆಳ್ಳೂರಿನ ಎಷ್ಟೋ ಮನೆಗಳಲ್ಲಿ ತುಳು, ಕನ್ನಡ, ಬ್ಯಾರಿ, ಕೊಂಕಣಿ, ಮರಾಠಿ ಆಡುತ್ತಾರೆ. ಡಾಕ್ಟರು ಕೇರಳದ ಬೇರೆ ಜಿಲ್ಲೆಯವರಾದರೆ ಮಲಯಾಳ ಮಾತ್ರ ಗೊತ್ತಿರಬಹುದು. ನೇರ ಎದುರಿಗಿದ್ದಾಗ ಕೈಸನ್ನೆ, ಮುಖಭಾವ ಸಹಾಯಕ್ಕೆ ಬರುತ್ತವೆ. ತಡೆತಡೆದು ಬರುವ ವಿಡಿಯೋದಲ್ಲಿ ಅದೂ ಇಲ್ಲ. ಮಧ್ಯೆ ನಿಂತು ಎರಡು ಕಡೆಗೂ ಹೇಳುವ ಕೆಲಸ ಆಶಾ ಕಾರ್ಯಕರ್ತೆಯದ್ದೋ, ಮನೆಯ ಮಕ್ಕಳದ್ದೋ ಆಗುತ್ತದೆ.

ಇದರಿಂದ ಎರಡು ತೊಂದರೆ. ಒಂದು, ಹೇಳಿದ್ದು ಬದಲಾಗುತ್ತದೆ. "ಎದೆ ಒಂದು ತರ ಆಗ್ತದೆ" ಎಂಬ ಮಾತು ಆ ಕಡೆ ತಲುಪುವಾಗ ಎದೆನೋವು ಆಗಿರಬಹುದು, ಗ್ಯಾಸ್ ಕೂಡ ಆಗಿರಬಹುದು. ಇನ್ನೊಂದು, ಹೇಳಬೇಕಾದ್ದು ಬಾಯಿಗೇ ಬರುವುದಿಲ್ಲ. ಸೊಸೆ ಪಕ್ಕದಲ್ಲಿ ನಿಂತು ಭಾಷಾಂತರ ಮಾಡುತ್ತಿದ್ದರೆ ಅತ್ತೆ ಬಿಳಿಸೆರಗಿನ ಬಗ್ಗೆ ಹೇಳುತ್ತಾರಾ? ಮಗ ಪಕ್ಕದಲ್ಲಿದ್ದರೆ ಅಪ್ಪ ಕುಡಿತದ ಬಗ್ಗೆ, ನಿದ್ದೆ ಬಾರದ ರಾತ್ರಿಗಳ ಬಗ್ಗೆ ಹೇಳುತ್ತಾರಾ? (ಮನಸ್ಸಿನ ಕಷ್ಟಕ್ಕಾದರೆ 14416 ಟೆಲಿ ಮಾನಸ್ ಸಂಖ್ಯೆ ಇದೆ. 2022ರ ಅಕ್ಟೋಬರ್‌ನಲ್ಲಿ ಶುರುವಾಯಿತು. ಕನ್ನಡ, ಮಲಯಾಳ ಎರಡರಲ್ಲೂ ಸೇವೆ ಇದೆ. ಇದನ್ನು ಗೋಡೆಯ ಮೇಲೆ ಬರೆದಿಡಿ.)

ಅಳೆಯುವುದು ಕಷ್ಟವಿಲ್ಲ. ಪ್ರತಿ ಕಾಲ್‌ಗೆ ರೋಗಿ ಆಡಿದ ಭಾಷೆ, ಡಾಕ್ಟರ್ ಆಡಿದ ಭಾಷೆ, ಮಧ್ಯೆ ಯಾರಿದ್ದರು ಎಂದು ಬರೆಯಿರಿ. ಕಾಲ್ ಮುಗಿಯುವ ಮೊದಲು ರೋಗಿಯ ಬಾಯಲ್ಲೇ ಔಷಧಿಯ ವಿವರ ಹೇಳಿಸಿ, ಸರಿಯಾಗಿ ಹೇಳಿದರಾ ಇಲ್ಲವಾ ಎಂದು ಗುರುತು ಹಾಕಿ. ಮೂರು ತಿಂಗಳು ಹೀಗೆ ಮಾಡಿದರೆ ಯಾವ ಭಾಷೆಯವರಿಗೆ ತಪ್ಪು ಜಾಸ್ತಿ ಆಗುತ್ತಿದೆ ಎಂದು ಕಣ್ಣಿಗೇ ಕಾಣುತ್ತದೆ. ಆಗ ಕನ್ನಡ, ತುಳು ಬರುವ ಡಾಕ್ಟರಿಗೆ ವಾರದಲ್ಲಿ ಒಂದು ದಿನ ನಿಗದಿ ಮಾಡಿ ಎಂದು ಕೇಳಲು ನಿಮ್ಮ ಕೈಯಲ್ಲಿ ಆಧಾರ ಇರುತ್ತದೆ. ಬರೀ ದೂರು ಎಂದು ಯಾರೂ ತಳ್ಳಿಹಾಕುವಂತಿಲ್ಲ.

ಪ್ರಯಾಣ ಉಳಿಯಿತು ಎಂದು ಲೆಕ್ಕ ತೋರಿಸುವುದು ಹೇಗೆ?

ಬಸ್ಸಿನ ಟಿಕೆಟ್ಟಿನಲ್ಲಿ ನಿಲ್ಲಬೇಡಿ. ಪೆರ್ಲದ ಒಬ್ಬರು ಮಂಗಳೂರಿಗೆ ಹೋಗಿ ಬಂದರೆ ಇಡೀ ದಿನ ಹೋಯಿತು. ಜೊತೆಗೆ ಬಂದವರ ಕೂಲಿಯೂ ಹೋಯಿತು. ಮಲಗಿದಲ್ಲೇ ಇರುವ ರೋಗಿಯಾದರೆ ಜೀಪು ಅಥವಾ ಆಂಬುಲೆನ್ಸ್, ಎತ್ತಲು ಇಬ್ಬರು. ಇದೆಲ್ಲ ಸೇರಿಸಿ. ಆಮೇಲೆ ಕಳೆಯುವುದನ್ನೂ ಕಳೆಯಿರಿ: ವಿಡಿಯೋ ಆದ ಮೇಲೂ ಸ್ಕ್ಯಾನ್‌ಗೆಂದು ಮಂಗಳೂರಿಗೆ ಹೋಗಲೇಬೇಕಾದವರು ಎಷ್ಟು ಜನ?

ಇನ್ನೂ ಒಂದು ಇದೆ, ಅದೇ ಮುಖ್ಯ. ಕೆಲವರಿಗೆ ಪ್ರಯಾಣ ಉಳಿಯಲಿಲ್ಲ. ಯಾಕೆಂದರೆ ಅವರು ಹೋಗುತ್ತಲೇ ಇರಲಿಲ್ಲ. ಗೇರು ತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸಿಂಪಡಿಸಿದ ಊರುಗಳಲ್ಲಿ, ಮಲಗಿದಲ್ಲೇ ಇರುವ ಮಕ್ಕಳನ್ನು ನೋಡಿಕೊಳ್ಳುವ ತಾಯಂದಿರು ತಮ್ಮ ಕಾಯಿಲೆಗೆ ಎಲ್ಲಿಗೆ ಹೋದಾರು? ಅವರು ವಿಡಿಯೋದಲ್ಲಿ ಮೊದಲ ಸಲ ಡಾಕ್ಟರನ್ನು ಕಂಡರೆ ಅದು ಉಳಿತಾಯದ ಪಟ್ಟಿಗೆ ಸೇರುವುದಿಲ್ಲ. ಖರ್ಚು ಹೆಚ್ಚೇ ಆಗುತ್ತದೆ. ಆದರೂ ಯೋಜನೆಯ ಅತ್ಯಂತ ಒಳ್ಳೆಯ ಫಲ ಅದೇ. ಅದನ್ನು ಬೇರೆಯಾಗಿ ಬರೆದು ಎದ್ದು ಕಾಣುವಂತೆ ತೋರಿಸಿ.

ವಿಡಿಯೋಗೆ ಬಾರದವರ ಬಗ್ಗೆ ತಿಳಿಯುವುದು ಹೇಗೆ?

ಅವರು ನಿಮ್ಮ ದಾಖಲೆಯಲ್ಲಿ ಇರುವುದಿಲ್ಲ, ಹಾಗಾಗಿ ಹುಡುಕಿಕೊಂಡು ಹೋಗಬೇಕು. ಆಶಾ ಕಾರ್ಯಕರ್ತೆಯ ಹತ್ತಿರ ವಾರ್ಡಿನ ಬಿಪಿ-ಶುಗರ್ ಇರುವವರ ಪಟ್ಟಿ ಇರುತ್ತದೆ. ಆ ಪಟ್ಟಿ ಮತ್ತು ಕಾಲ್ ಪಟ್ಟಿ ಅಕ್ಕಪಕ್ಕ ಇಡಿ. ಯಾರು ಇಲ್ಲ? ಒಂಟಿಯಾಗಿರುವ ವೃದ್ಧರಾ, ಕೊರಗ ಕಾಲೊನಿಯವರಾ, ಮನೆಯ ಒಂದೇ ಫೋನು ಗಂಡನ ಜೇಬಿನಲ್ಲಿರುವ ಹೆಂಗಸರಾ? ಅವರಲ್ಲಿ ಹತ್ತು ಮನೆಗೆ ಹೋಗಿ ಮಾತಾಡಿ. ಹತ್ತು ಸಾಕು. ಬಂದವರ ನೂರು ಫಾರ್ಮ್‌ಗಿಂತ ಇದರಿಂದ ಕಲಿಯುವುದು ಜಾಸ್ತಿ.

ಮಂಗಳೂರಿನ ಡಾಕ್ಟರು ನಮ್ಮ ರೋಗಿಯನ್ನು ನೋಡಬಹುದಾ? ಅದನ್ನೂ ಸೇರಿಸಬೇಕಾ?

ನೋಡಬಹುದು. 2020ರ ಮಾರ್ಚ್ 25ರ ಟೆಲಿಮೆಡಿಸಿನ್ ಮಾರ್ಗಸೂಚಿಯ ಪ್ರಕಾರ ನೋಂದಾಯಿತ ಡಾಕ್ಟರು ದೇಶದ ಯಾವುದೇ ಭಾಗದ ರೋಗಿಗೆ ಸಲಹೆ ಕೊಡಬಹುದು. ಗಡಿಯಲ್ಲಿರುವ ನಮಗೆ ಇದು ಸಣ್ಣ ವಿಷಯ ಅಲ್ಲ. ಅದೇ ತಿಂಗಳು ಕೊರೊನಾದ ಕಾರಣ ತಲಪಾಡಿ ಗಡಿಯಲ್ಲಿ ರಸ್ತೆ ಮುಚ್ಚಿತ್ತು. ಕಾಸರಗೋಡಿನಿಂದ ಸುಮಾರು 50 ಕಿ.ಮೀ. ದೂರದ ಮಂಗಳೂರನ್ನೇ ನಂಬಿದ್ದ ಇಲ್ಲಿನ ಕೆಲವರು ಚಿಕಿತ್ಸೆ ಸಿಗದೆ ತೀರಿಕೊಂಡರು. ವಿಷಯ ಹೈಕೋರ್ಟು, ಸುಪ್ರೀಂ ಕೋರ್ಟುವರೆಗೆ ಹೋಯಿತು. ಜಿಲ್ಲೆಯ ಜನ ಅದನ್ನು ಮರೆತಿಲ್ಲ.

ಹಾಗಾಗಿ ನಿಮ್ಮ ಮೌಲ್ಯಮಾಪನದಲ್ಲಿ ಗಡಿ ದಾಟಿದ ಮೇಲೆ ಏನಾಗುತ್ತದೆ ಎಂದು ನೋಡಿ. ಆ ಕಡೆಯ ಡಾಕ್ಟರು ಬರೆದ ಔಷಧಿ ಈ ಕಡೆಯ ಸರ್ಕಾರಿ ಔಷಧಾಲಯದಲ್ಲಿ ಇದೆಯಾ? ಮಂಗಳೂರು ಕಡೆಯ ದೇರಳಕಟ್ಟೆಯ ಆಸ್ಪತ್ರೆಯಲ್ಲಿ ಅಡ್ಮಿಟ್ ಆಗಿ ಬಂದವರ ಡಿಸ್ಚಾರ್ಜ್ ಸಮ್ಮರಿ ನಿಮ್ಮ ಕೇಂದ್ರದ ಡಾಕ್ಟರಿಗೆ ತಲುಪುತ್ತದಾ? ತಲುಪದಿದ್ದರೆ ಅಲ್ಲಿ ಮಾಡಿದ್ದನ್ನೇ ಇಲ್ಲಿ ಮತ್ತೆ ಮಾಡುತ್ತೀರಿ. ಸುಮ್ನೆ ಎರಡೆರಡು ರಕ್ತಪರೀಕ್ಷೆ.

ಕಾನೂನಿನ ಪ್ರಕಾರ ಏನೇನು ನೋಡಿಕೊಳ್ಳಬೇಕು?

ರೋಗಿಯೇ ಕಾಲ್ ಮಾಡಿದರೆ ಒಪ್ಪಿಗೆ ಇದೆ ಎಂದೇ ಅರ್ಥ. ನರ್ಸ್ ಅಥವಾ ಡಾಕ್ಟರ್ ಶುರು ಮಾಡಿದ ಕಾಲ್ ಆದರೆ ಸ್ಪಷ್ಟ ಒಪ್ಪಿಗೆ ಪಡೆದು ದಾಖಲಿಸಬೇಕು. ಮಾರ್ಫಿನ್‌ನಂಥ ಮಾದಕ ವರ್ಗದ ಔಷಧಿಯನ್ನು ಟೆಲಿಮೆಡಿಸಿನ್ ಮೂಲಕ ಬರೆಯುವಂತಿಲ್ಲ. ಪಾಲಿಯೇಟಿವ್ ಘಟಕದವರು ಇದನ್ನು ಗಮನಿಸಿ, ನೋವಿನ ರೋಗಿಗೆ ನೇರ ಭೇಟಿಯ ವ್ಯವಸ್ಥೆ ಉಳಿಸಿಕೊಳ್ಳಲೇಬೇಕು. ಮೌಲ್ಯಮಾಪನದ ಕಾಗದಗಳಲ್ಲಿ ರೋಗಿಯ ಹೆಸರು, ಫೋನ್ ನಂಬರ್ ಬೇಡ. ಗಾಯದ ಫೋಟೋಗಳನ್ನು ಸಿಬ್ಬಂದಿಯ ವಾಟ್ಸಾಪ್ ಗುಂಪಿಗೆ ಹಾಕುವ ಅಭ್ಯಾಸ ಇದ್ದರೆ ನಿಲ್ಲಿಸಿ. ಹೊರಗೆ ಪ್ರಕಟಿಸುವ ಯೋಚನೆ ಇದ್ದರೆ ಮೊದಲೇ ನೈತಿಕ ಸಮಿತಿಯ ಅನುಮತಿ ಪಡೆಯಿರಿ.

ನೆಟ್‌ವರ್ಕ್ ಕೈಕೊಟ್ಟ ಕಾಲ್‌ಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕಾ?

ತೆಗೆದುಕೊಳ್ಳಲೇಬೇಕು. ಅರ್ಧಕ್ಕೆ ನಿಂತದ್ದು, ಆಡಿಯೋಗೆ ಬದಲಾದದ್ದು, ಮತ್ತೆ ಕಾಯಿಸಿದ್ದು ಎಲ್ಲ ಬರೆಯಿರಿ. ಅವುಗಳನ್ನು ಬಿಟ್ಟರೆ ಲೆಕ್ಕ ಚಂದ ಕಾಣುತ್ತದೆ, ಜನರ ಅನುಭವ ಹಾಗೆ ಇರುವುದಿಲ್ಲ.

ತಪ್ಪುಗಳನ್ನು ಬರೆದರೆ ಮೇಲಿನವರು ಬೈಯುತ್ತಾರೆ ಎಂದು ಸಿಬ್ಬಂದಿ ಹೆದರುತ್ತಾರೆ.

ಈ ಭಯ ನಿಜ. ಅದನ್ನು ಹೋಗಲಾಡಿಸದೆ ಮೌಲ್ಯಮಾಪನ ಮಾಡಿದರೆ ಸಿಗುವುದು ಚಂದದ ಸುಳ್ಳುಗಳು. ಗುರಿ ಇಷ್ಟು ಕಾಲ್ ಎಂದು ಹಾಕಿದ ಕೂಡಲೇ, ನಾಳೆ ಒಪಿಗೆ ಬರಬಹುದಾಗಿದ್ದ ಶೀತದ ರೋಗಿಯನ್ನೂ ಇವತ್ತೇ ವಿಡಿಯೋ ಮುಂದೆ ಕೂರಿಸುವುದು ಶುರುವಾಗುತ್ತದೆ.

ಮೆಡಿಕಲ್ ಆಫೀಸರು ಮೊದಲೇ ಎಲ್ಲರ ಎದುರು ಹೇಳಬೇಕು: ಅಡ್ಡಿ, ತಪ್ಪು ಬರೆಯುವ ಈ ರಿಜಿಸ್ಟರ್ ಯಾರ ಗೌಪ್ಯ ವರದಿಗೂ ಹೋಗುವುದಿಲ್ಲ. ಹೇಳಿದ ಮೇಲೆ ನಡೆದುಕೊಳ್ಳಬೇಕು ಕೂಡ. ತಿಂಗಳಿಗೊಂದು ಸಲ ಕೂತಾಗ ಮೊದಲು ಮಾತಾಡುವವರು ನರ್ಸು ಮತ್ತು ಆಶಾ ಕಾರ್ಯಕರ್ತೆ ಆಗಲಿ, ಡಾಕ್ಟರು ಕೊನೆಗೆ. ಡಾಕ್ಟರು ಮೊದಲು ಮಾತಾಡಿದರೆ ಉಳಿದವರು ತಲೆಯಾಡಿಸುವುದು ಬಿಟ್ಟು ಬೇರೇನೂ ಮಾಡುವುದಿಲ್ಲ.

ಕಲಿತವರು ವರ್ಗವಾಗಿ ಹೋದರೆ?

ಹೋಗುತ್ತಾರೆ, ಅದು ನಿಮ್ಮ ಕೈಯಲ್ಲಿಲ್ಲ. ಕಲಿತದ್ದು ತಲೆಯಿಂದ ಕಾಗದಕ್ಕೆ ಇಳಿಯಬೇಕು. ಆ ಎರಡು ಸಾಲಿನ ಕಾಲಂನಿಂದ ಆರಿಸಿ ಒಂದು ಹಾಳೆ ಮಾಡಿ: ಗಾಯ ತೋರಿಸುವುದು ಹೇಗೆ, ಯಾವ ಕಿಟಕಿಯ ಹತ್ತಿರ ಸಿಗ್ನಲ್ ಸಿಗುತ್ತದೆ, ಯಾವ ರೋಗಿಯನ್ನು ವಿಡಿಯೋಗೆ ಕೂರಿಸದೆ ನೇರ ಕಳಿಸಬೇಕು. ಹೊಸಬರು ಬಂದ ದಿನವೇ ಅದು ಅವರ ಕೈಗೆ ಸಿಗಲಿ. ಆರು ತಿಂಗಳಿಗೊಮ್ಮೆ ತಿದ್ದಿ.

ಮೌಲ್ಯಮಾಪನದಲ್ಲಿ ಯೋಜನೆ ಉಪಯೋಗವಿಲ್ಲ ಎಂದು ಬಂದರೆ ನಿಲ್ಲಿಸಬೇಕಾ?

ಯಾರಿಗೆ ಉಪಯೋಗವಿಲ್ಲ ಎಂದು ಮೊದಲು ನೋಡಿ. ಚರ್ಮದ ತೊಂದರೆ, ಬಿಪಿ ಮಾತ್ರೆಯ ಮುಂದುವರಿಕೆ, ಮಾನಸಿಕ ಆರೋಗ್ಯದ ಮರುಭೇಟಿಗೆ ಚೆನ್ನಾಗಿ ನಡೆದು, ಹೊಟ್ಟೆನೋವು, ಮಕ್ಕಳ ಜ್ವರಕ್ಕೆ ನಡೆಯದೇ ಇರಬಹುದು. ಆಗ ಆ ಭಾಗವನ್ನು ಮಾತ್ರ ಬಿಡಿ. ಯಾವುದಕ್ಕೂ ನಡೆಯುತ್ತಿಲ್ಲ, ನರ್ಸಿನ ಮನೆಭೇಟಿಯ ಸಮಯವನ್ನೂ ತಿನ್ನುತ್ತಿದೆ ಎಂದಾದರೆ ನಿಲ್ಲಿಸುವ ಧೈರ್ಯ ಮಾಡಬೇಕು. ಯಾಕೆ ನಿಲ್ಲಿಸಿದಿರಿ ಎಂದು ಬರೆದಿಟ್ಟರೆ ಪಕ್ಕದ ಪಂಚಾಯತಿಗೆ ಅದೇ ದೊಡ್ಡ ಸಹಾಯ.

ವರದಿ ಹೇಗಿರಬೇಕು, ಯಾರಿಗೆ ಕೊಡಬೇಕು?

ಎರಡು ಪುಟ ದಾಟದಿರಲಿ. ಕನ್ನಡ, ಮಲಯಾಳ ಎರಡರಲ್ಲೂ ಇರಲಿ. ಏನು ಕೇಳಿದೆವು, ಏನು ಕಂಡಿತು, ಏನು ಬದಲಾಯಿಸುತ್ತೇವೆ, ಯಾವ ತಾರೀಕಿಗೆ ಮತ್ತೆ ನೋಡುತ್ತೇವೆ, ಯಾರ ಜವಾಬ್ದಾರಿ ಎಂದಿದ್ದರೆ ಸಾಕು. ಒಂದು ಪ್ರತಿ ಜಿಲ್ಲಾ ಕಚೇರಿಗೆ, ಒಂದು ಆಸ್ಪತ್ರೆ ನಿರ್ವಹಣಾ ಸಮಿತಿಗೆ, ಒಂದು ಪಂಚಾಯತಿಗೆ. ಮಾಹಿತಿ ಬರೆದುಕೊಟ್ಟ ಪ್ರತಿ ಉಪಕೇಂದ್ರಕ್ಕೂ ಒಂದೊಂದು ಪ್ರತಿ ಹೋಗಬೇಕು, ಅದೂ ಮೇಲಿನವರಿಗೆ ಕಳಿಸುವ ಮೊದಲು. ತಮ್ಮ ಊರಿನ ಅಂಕಿಯಲ್ಲಿ ತಪ್ಪಿದ್ದರೆ ತಿದ್ದಿ ಕೊಡುವವರು ಅವರೇ.